ಜೌಗು ಸೀಮೆಯ ಪ್ರೇಮಕಥೆ: ಓದುಗರು ಇಬ್ಭಾಗವಾದದ್ದು ಯಾಕೆ?

2022ರ ಜುಲೈಯಲ್ಲಿ ಒಂದೇ ಕಾದಂಬರಿಯ ಸುತ್ತ ಎರಡು ಸುದ್ದಿಗಳು ಒಟ್ಟೊಟ್ಟಿಗೆ ಬಂದವು. ಡೆಲಿಯಾ ಓವೆನ್ಸ್ ಅವರ ‘ವೇರ್ ದ ಕ್ರಾಡ್ಯಾಡ್ಸ್ ಸಿಂಗ್’ ಸಿನಿಮಾ ಆಗಿ ಅಮೆರಿಕದ ಚಿತ್ರಮಂದಿರಗಳಿಗೆ ಬಂತು, ಟಿಕೆಟುಗಳು ಚೆನ್ನಾಗಿಯೇ ಖರ್ಚಾದವು. ಅದೇ ಹೊತ್ತಿಗೆ, 1990ರ ದಶಕದ ಒಂದು ಕೊಲೆಯ ಸಂಬಂಧ ಈ ಲೇಖಕಿಯನ್ನು ಪ್ರಶ್ನಿಸಲು ಆಫ್ರಿಕದ ಜಾಂಬಿಯಾ ಇನ್ನೂ ಕಾದಿದೆ ಎಂದು ‘ದಿ ಅಟ್ಲಾಂಟಿಕ್’ ಪತ್ರಿಕೆ ಬರೆಯಿತು. ಕೊಕ್ಕರೆ, ಚಿಪ್ಪು, ಮಿಂಚುಹುಳಗಳ ನಡುವೆ ನಡೆಯುವ ಪ್ರೇಮಕಥೆಗೂ ಆಫ್ರಿಕದ ಕಾಡಿನ ಗುಂಡೇಟಿಗೂ ಏನು ಸಂಬಂಧ ಎಂದು ಹಲವರಿಗೆ ತಿಳಿಯಲಿಲ್ಲ. ಮರುವರ್ಷ ಗೊಂದಲ ಇನ್ನೂ ಹೆಚ್ಚಿತು. ಸೈಬೀರಿಯದ ಕಾಡಿನಲ್ಲಿ ನಡೆಯುವ, ಇನ್ನೂ ಅಂಗಡಿಗೇ ಬಂದಿರದ ಬೇರೊಂದು ಕಾದಂಬರಿಯನ್ನು ಓದುಗರ ಸಿಟ್ಟಿಗೆ ಮಣಿದು ಅದರ ಲೇಖಕಿಯೇ ತಡೆಹಿಡಿದರು.

ಬಿಡಿಬಿಡಿಯಾಗಿ ನೋಡಿದರೆ ಮೊದಲನೆಯದು ಒಬ್ಬ ಲೇಖಕಿಯ ಹಿಂದಿನ ಬದುಕಿನ ತಕರಾರು, ಎರಡನೆಯದು ಯುದ್ಧಕಾಲದ ರಾಜಕೀಯ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಬೇರೆಯೇ ಒಂದು ಸಂಗತಿ ಕಾಣುತ್ತದೆ. ನಿರ್ಜನ ಸೀಮೆಯಲ್ಲಿ ಪ್ರೇಮ ಅರಳಬೇಕಾದರೆ ಕಥೆ ಮೊದಲು ಆ ಸೀಮೆಯಿಂದ ಜನರನ್ನು ಹೊರಗೆ ಕಳಿಸಬೇಕಾಗುತ್ತದೆ. ಹಾಗೆ ಹೊರಗೆ ಹೋದವರು, ಅಥವಾ ಅವರ ಪರವಾಗಿ ಮಾತಾಡುವವರು, ಓದುಗರಾಗಿ ವಾಪಸು ಬಂದಾಗ ಜಗಳ ಶುರುವಾಗುತ್ತದೆ.

ಕಥೆಯ ಸಾರಾಂಶ

ಮುಂದೆ ಓದುವವರಿಗೆ ಒಂದು ಎಚ್ಚರಿಕೆ: ಕಾದಂಬರಿಯ ಕೊನೆಯ ಗುಟ್ಟನ್ನು ಹೇಳದೆ ಈ ಚರ್ಚೆಯನ್ನು ವಿವರಿಸಲು ಬರುವುದಿಲ್ಲ.

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕರಾವಳಿ. ಬಾರ್ಕ್ಲಿ ಕೋವ್ ಎಂಬ ಕಾಲ್ಪನಿಕ ಊರು, ಅದರಾಚೆಗೆ ಉಪ್ಪುನೀರಿನ ಜೌಗು. 1950ರ ದಶಕದಲ್ಲಿ ಅಲ್ಲಿನ ಗುಡಿಸಲಿನಲ್ಲಿದ್ದ ಕಾಯಾ ಎಂಬ ಹುಡುಗಿಯನ್ನು ಮೊದಲು ತಾಯಿ, ಆಮೇಲೆ ಒಡಹುಟ್ಟಿದವರು, ಕೊನೆಗೆ ಕುಡುಕ ತಂದೆಯೂ ಬಿಟ್ಟುಹೋಗುತ್ತಾರೆ. ಪಚ್ಚಿಲೆ ಎಂಬ ಚಿಪ್ಪುಜೀವಿಗಳನ್ನು ಹೆಕ್ಕಿ ಮಾರಿ ಹೊಟ್ಟೆ ಹೊರೆದುಕೊಳ್ಳುವ ಈ ಹುಡುಗಿಯನ್ನು ಊರಿನವರು ‘ಜೌಗಿನ ಹುಡುಗಿ’ ಎಂದು ಹೀಯಾಳಿಸುತ್ತಾರೆ. ಟೇಟ್ ಎಂಬ ಹುಡುಗ ಅವಳಿಗೆ ಓದು ಕಲಿಸುತ್ತಾನೆ, ಇಬ್ಬರೂ ಪ್ರೀತಿಸುತ್ತಾರೆ, ಅವನು ಕಾಲೇಜಿಗೆಂದು ಹೋದವನು ಮಾತು ಕೊಟ್ಟಂತೆ ಮರಳುವುದಿಲ್ಲ. ಆ ಜಾಗಕ್ಕೆ ಊರಿನ ಸಿರಿವಂತರ ಮಗ, ಆಟಗಾರ ಚೇಸ್ ಬರುತ್ತಾನೆ. ಮದುವೆಯ ಆಸೆ ತೋರಿಸಿ ಮೋಸ ಮಾಡುತ್ತಾನೆ, ಮುಂದೆ ಅವಳ ಮೇಲೆ ಬಲಾತ್ಕಾರಕ್ಕೂ ಇಳಿಯುತ್ತಾನೆ. 1969ರಲ್ಲಿ ಚೇಸ್ ಕಾಡಿನ ಕಾವಲುಗೋಪುರದ ಕೆಳಗೆ ಸತ್ತು ಬಿದ್ದಿರುತ್ತಾನೆ. ಕಾಯಾ ಮೇಲೆ ಕೊಲೆ ಮೊಕದ್ದಮೆ ನಡೆದು ಅವಳು ನಿರ್ದೋಷಿ ಎಂದು ಬಿಡುಗಡೆಯಾಗುತ್ತಾಳೆ. ಟೇಟ್ ಜೊತೆ ದಶಕಗಳ ಕಾಲ ಅದೇ ಜೌಗಿನಲ್ಲಿ ಬಾಳಿ ಕಣ್ಣು ಮುಚ್ಚುತ್ತಾಳೆ. ಅವಳು ಹೋದ ಮೇಲೆ ಟೇಟ್‌ಗೆ ಬಚ್ಚಿಟ್ಟ ಕವಿತೆಗಳೂ ಚೇಸ್‌ನ ಕೊರಳಲ್ಲಿದ್ದ ಚಿಪ್ಪಿನ ಸರವೂ ಸಿಗುತ್ತವೆ. ಕೊಂದದ್ದು ಅವಳೇ.

ಮೆಚ್ಚಿದವರು ಮೆಚ್ಚಿದ್ದು ಏನನ್ನು

2018ರ ಆಗಸ್ಟ್‌ನಲ್ಲಿ ಪ್ರಕಟವಾದಾಗ ಪ್ರಕಾಶಕರು ಮೂವತ್ತು ಸಾವಿರಕ್ಕೂ ಕಡಿಮೆ ಪ್ರತಿ ಅಚ್ಚು ಹಾಕಿದ್ದರು. ಲೇಖಕಿಗೆ ಆಗ ಎಪ್ಪತ್ತರ ಹತ್ತಿರದ ವಯಸ್ಸು, ಅದು ಅವರ ಮೊದಲ ಕಾದಂಬರಿ. ಮುಂದಿನ ತಿಂಗಳೇ ನಟಿ ರೀಸ್ ವಿದರ್‌ಸ್ಪೂನ್ ತಮ್ಮ ಓದುಗರ ಬಳಗಕ್ಕೆ ಇದನ್ನು ಆರಿಸಿದರು. ಅಲ್ಲಿಂದ ಪುಸ್ತಕ ಬಾಯಿಂದ ಬಾಯಿಗೆ ಹರಡಿತು. ನ್ಯೂಯಾರ್ಕ್ ಟೈಮ್ಸ್‌ನ ಹೆಚ್ಚು ಮಾರಾಟದ ಪಟ್ಟಿಯಲ್ಲಿ 150ಕ್ಕೂ ಹೆಚ್ಚು ವಾರ ಉಳಿಯಿತು, ಸಿನಿಮಾ ಬರುವ ಹೊತ್ತಿಗೆ ಒಂದೂವರೆ ಕೋಟಿ ಪ್ರತಿ ದಾಟಿತ್ತು. ಓದುಗರು ಪುಸ್ತಕಗಳಿಗೆ ನಕ್ಷತ್ರ ಕೊಡುವ ಗುಡ್‌ರೀಡ್ಸ್ ತಾಣದಲ್ಲಿ ಈವರೆಗೆ 30 ಲಕ್ಷಕ್ಕೂ ಹೆಚ್ಚು ಜನ ಇದಕ್ಕೆ ಅಂಕ ಹಾಕಿದ್ದಾರೆ. ಸರಾಸರಿ ಐದಕ್ಕೆ ನಾಲ್ಕನ್ನು ಮೀರುತ್ತದೆ.

ಇಷ್ಟೊಂದು ಜನ ಸುಮ್ಮನೆ ಮರುಳಾಗುವುದಿಲ್ಲ. ಮೆಚ್ಚಿದವರ ಮಾತುಗಳಲ್ಲಿ ಮತ್ತೆ ಮತ್ತೆ ಬರುವುದು ಒಂಟಿತನ. ಎಲ್ಲರೂ ಕೈಬಿಟ್ಟ ಮಗುವನ್ನು ಒಂದು ನೆಲ ಸಾಕುತ್ತದೆ ಎಂಬ ಕಲ್ಪನೆ ತಾಯಿ ಬಿಟ್ಟುಹೋದವರಿಗೂ, ಊರು ಬಿಟ್ಟು ಬಂದವರಿಗೂ, ಹತ್ತು ಜನರ ನಡುವೆಯೂ ಒಬ್ಬಂಟಿ ಅನ್ನಿಸುವವರಿಗೂ ತಟ್ಟುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲೂ ಪುಸ್ತಕದ ಮಾರಾಟ ಇಳಿಯದ್ದಕ್ಕೆ ಇದೂ ಒಂದು ಕಾರಣ ಇದ್ದೀತು.

ಇನ್ನೊಂದು ಕಾರಣ ಬರವಣಿಗೆಯದು. ಓವೆನ್ಸ್ ಪ್ರಾಣಿವರ್ತನೆಯಲ್ಲಿ ಡಾಕ್ಟರೇಟ್ ಮಾಡಿದವರು, ಆಫ್ರಿಕದಲ್ಲಿ ಸಿಂಹ ಮತ್ತು ಕಂದು ಕತ್ತೆಕಿರುಬಗಳನ್ನು ವರ್ಷಗಟ್ಟಲೆ ಗಮನಿಸಿದವರು. ಹಾಗಾಗಿ ಅವರ ಜೌಗಿನಲ್ಲಿ ಹಕ್ಕಿ ಹೆಸರಿಲ್ಲದೆ ಹಾರುವುದಿಲ್ಲ. ಗರಿಯ ಆಕಾರ, ಭರತ-ಇಳಿತದ ಹೊತ್ತು, ಕೆಸರಿನ ಬಣ್ಣ ಎಲ್ಲವೂ ಕಣ್ಣಾರೆ ಕಂಡವರ ವಿವರ. ಪ್ರೇಮಕಥೆಯ ಕಡೆಯಿಂದ ನೋಡಿದರೆ ಕಾಯಾ ಮತ್ತು ಟೇಟ್ ಒಬ್ಬರಿಗೊಬ್ಬರು ಗರಿಗಳನ್ನು ಮರದ ಬೊಡ್ಡೆಯ ಮೇಲೆ ಇಟ್ಟುಹೋಗುವ ಪುಟಗಳಷ್ಟು ಸೊಗಸಾದವು ಜನಪ್ರಿಯ ಕಾದಂಬರಿಗಳಲ್ಲಿ ಸಿಗುವುದು ಕಡಿಮೆ. ಈ ಮೆಚ್ಚುಗೆಯನ್ನು ಅಲ್ಪರುಚಿ ಎಂದು ತಳ್ಳಿಹಾಕುವವರು ಪುಸ್ತಕವನ್ನು ಸರಿಯಾಗಿ ಓದಿಲ್ಲ ಅನ್ನಬೇಕು.

ಸಿನಿಮಾ ಬಂದಾಗ ಬಿರುಕು ಅಂಕಿಗಳಲ್ಲೇ ಕಂಡಿತು. ರಾಟನ್ ಟೊಮೇಟೋಸ್ ತಾಣದಲ್ಲಿ ಮೂವರು ವಿಮರ್ಶಕರಲ್ಲಿ ಸುಮಾರು ಒಬ್ಬರು ಮೆಚ್ಚಿದ್ದರೆ, ಪ್ರೇಕ್ಷಕರ ಮೆಚ್ಚುಗೆ ಶೇ. 90 ದಾಟಿತ್ತು. ಸುಮಾರು 2.4 ಕೋಟಿ ಡಾಲರ್ ಹಾಕಿ ತೆಗೆದ ಚಿತ್ರ 14 ಕೋಟಿ ಡಾಲರ್ ಆಸುಪಾಸು ಗಳಿಸಿತು.

ಆ ನೆಲದವರ ತಕರಾರು

ಮೊದಲ ಆಕ್ಷೇಪ ಬಂದದ್ದು ನಾರ್ತ್ ಕೆರೊಲಿನಾ ಬಲ್ಲ ಓದುಗರಿಂದ. ಕಾದಂಬರಿಯಲ್ಲಿ ಕರಾವಳಿಯ ಜನ ಆಶ್‌ವಿಲ್ ಪಟ್ಟಣದ ಮಾತನ್ನು ಪಕ್ಕದ ಪೇಟೆಯ ಹಾಗೆ ಆಡುತ್ತಾರೆ. ಆಶ್‌ವಿಲ್ ಇರುವುದು ರಾಜ್ಯದ ಇನ್ನೊಂದು ತುದಿಯ ಬೆಟ್ಟಗಳಲ್ಲಿ, ಐನೂರು ಕಿಲೋಮೀಟರಿಗೂ ದೂರ. ಕಾರವಾರದ ಮೀನುಗಾರರು ಸಾಮಾನು ತರಲು ಕೋಲಾರದ ಕಡೆ ನೋಡಿದರೆ ನಮಗೆ ಹೇಗೆ ಅನ್ನಿಸೀತೋ ಅವರಿಗೂ ಹಾಗೇ ಅನ್ನಿಸಿತು. ಚಿತ್ರದ ಬಹುಭಾಗ ಲೂಸಿಯಾನಾ ರಾಜ್ಯದಲ್ಲಿ ಚಿತ್ರೀಕರಣವಾದದ್ದು ಈ ದೂರಿಗೆ ಇನ್ನಷ್ಟು ಜೀವ ಕೊಟ್ಟಿತು.

ಭೂಗೋಳದ ತಪ್ಪನ್ನು ಕಾದಂಬರಿಗೆ ಮನ್ನಿಸಬಹುದು. ಅದರ ಹಿಂದಿನ ಕಾರಣ ಮಾತ್ರ ಗಮನಿಸಬೇಕಾದದ್ದು. ಕಥೆಗೆ ಬೇಕಿದ್ದದ್ದು ‘ಊರಿನಿಂದ ದೂರದ, ಯಾರೂ ಇಲ್ಲದ ನೀರು-ನೆಲ’. ಆ ಕರಾವಳಿಯೋ ಚರಿತ್ರೆಯಿಂದ ತುಂಬಿಹೋಗಿರುವ ಜಾಗ. ವರ್ಜೀನಿಯಾ ಮತ್ತು ನಾರ್ತ್ ಕೆರೊಲಿನಾ ಗಡಿಯ ಗ್ರೇಟ್ ಡಿಸ್ಮಲ್ ಜೌಗಿನಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಕಪ್ಪು ಜನ ತಲೆಮಾರುಗಳ ಕಾಲ ಅಡಗಿ ಬಾಳಿದ್ದರು. ಬಿಳಿಯರಿಗೆ ಹೋಗಲು ಭಯವಾದ ಜೌಗೇ ಅವರಿಗೆ ಸ್ವಾತಂತ್ರ್ಯದ ನೆಲ. ಹಿಂದೆ ಇಂಥ ಸೀಮೆಗೆ ತಲೆಮರೆಸಿಕೊಂಡವರು ಬಂದು ಸೇರುತ್ತಿದ್ದರು ಎಂದು ಕಾದಂಬರಿಯ ಆರಂಭದಲ್ಲಿ ಪ್ರಸ್ತಾಪವಿದೆ. ಕಥೆ ಅಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ.

ಕಪ್ಪು ಜನರ ಪಾತ್ರಗಳ ಬಗ್ಗೆ ಬಂದ ದೂರು ಇದರ ಮುಂದುವರಿಕೆ. ಕಾಯಾಳಿಂದ ಪಚ್ಚಿಲೆ ಕೊಳ್ಳುವ ಅಂಗಡಿಯ ಜಂಪಿನ್ ಮತ್ತು ಅವನ ಹೆಂಡತಿ ಮೇಬಲ್ ಅವಳಿಗೆ ಬಟ್ಟೆ, ತಿಂಡಿ, ಅಕ್ಕರೆ ಎಲ್ಲ ಕೊಡುತ್ತಾರೆ. ಬದಲಿಗೆ ಕಥೆ ಅವರಿಗೆ ಏನು ಕೊಡುತ್ತದೆ ಎಂದು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಅವರಿಗೆ ತಮ್ಮದೇ ಆಸೆ, ಸಿಟ್ಟು, ಸಂಸಾರದ ತಾಪತ್ರಯ ಇದೆಯೆಂದು ಕಾಣುವುದೇ ಅಪರೂಪ. 1960ರ ಫೆಬ್ರುವರಿ 1ರಂದು ಇದೇ ರಾಜ್ಯದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕೂತು ಎದ್ದೇಳಲು ಒಪ್ಪಲಿಲ್ಲ. ಆ ಕಿಚ್ಚು ದೇಶದ ದಕ್ಷಿಣವನ್ನೆಲ್ಲ ವ್ಯಾಪಿಸಿತು. ಕಾಯಾಳ ಹರೆಯ ಅದೇ ವರ್ಷಗಳದ್ದು. ಊರಿನಲ್ಲಿ ಜನಾಂಗಭೇದ ಇದೆ ಎಂದು ಕಾದಂಬರಿ ತೋರಿಸುತ್ತದೆ, ಅದರ ವಿರುದ್ಧ ಯಾರಾದರೂ ಎದ್ದಿದ್ದರು ಎಂಬ ಸುಳಿವನ್ನು ಕೊಡುವುದು ಬಹಳ ಕಡಿಮೆ.

ಕಾರಣ ಸರಳ. ಊರಿನಿಂದ ಹೊರಗಿಟ್ಟ ಜೀವ ಎಂಬ ಸ್ಥಾನ ಕಥೆಯಲ್ಲಿ ಕಾಯಾಳದ್ದು. ನಿಜವಾಗಿ ಹೊರಗಿಡಲ್ಪಟ್ಟ ಒಂದು ಇಡೀ ಸಮುದಾಯ ಪಕ್ಕದಲ್ಲೇ ನಿಂತು ಮಾತಾಡತೊಡಗಿದರೆ ಅವಳ ಒಂಟಿತನದ ತೂಕ ಕಡಿಮೆಯಾಗುತ್ತದೆ. ಆದ್ದರಿಂದ ಅವರು ನೆರವಿಗೆ ಬರುವವರಾಗಿ ಮಾತ್ರ ಉಳಿಯುತ್ತಾರೆ.

ಕೊನೆಯ ಪುಟಗಳ ಪೇಚು

ಓದುಗರ ಗುಂಪುಗಳಲ್ಲಿ ಅತಿ ಹೆಚ್ಚು ವಾದ ನಡೆದದ್ದು ಮುಕ್ತಾಯದ ಬಗ್ಗೆ.

ಒಂದು ಪಕ್ಷ, ಬಹುಪಾಲು ಹೆಂಗಸರು, ಇದನ್ನು ಆತ್ಮರಕ್ಷಣೆಯೆಂದು ಓದುತ್ತದೆ. ಊರಿನ ಮುದ್ದಿನ ಮಗನ ಮೇಲೆ ಜೌಗಿನ ಹುಡುಗಿ ದೂರು ಕೊಟ್ಟರೆ 1969ರಲ್ಲಿ ನಂಬುವವರು ಯಾರು? ಅವನು ಮತ್ತೆ ಬರುತ್ತಾನೆ ಎಂಬುದು ಅವಳಿಗೆ ಖಚಿತ. ಕಾನೂನು ಕಾಯದ ಕಡೆ ಅವಳು ತನ್ನನ್ನು ತಾನೇ ಕಾಯ್ದುಕೊಂಡಳು. ಕಥೆಯೊಳಗೆ ಇದಕ್ಕೆ ಪ್ರಕೃತಿಯ ಸಾಕ್ಷಿಯೂ ಇದೆ. ಒಂದು ಜಾತಿಯ ಹೆಣ್ಣು ಮಿಂಚುಹುಳ ಬೇರೆ ಜಾತಿಯ ಸಂಕೇತದಂತೆ ಬೆಳಕು ಮಿನುಗಿಸಿ, ನಂಬಿ ಬಂದ ಗಂಡನ್ನು ತಿಂದುಹಾಕುತ್ತದೆ. ಇದು ವಿಜ್ಞಾನಕ್ಕೆ ಗೊತ್ತಿರುವ ನಿಜ ಸಂಗತಿ. ಕಾಯಾ ಅದನ್ನು ನೋಡಿ ಕಲಿಯುತ್ತಾಳೆ, ಅಲ್ಲಿ ಪಾಪಪುಣ್ಯದ ಮಾತಿಲ್ಲ, ಬದುಕುಳಿಯುವುದಷ್ಟೇ ಇದೆ ಎಂದುಕೊಳ್ಳುತ್ತಾಳೆ.

ಎದುರು ಪಕ್ಷದ ಪ್ರಶ್ನೆ ಹೀಗಿದೆ. ನ್ಯಾಯಾಲಯದ ಇಡೀ ಪ್ರಕರಣದಲ್ಲಿ ಓದುಗರಿಗೆ ಹೇಳಿದ್ದು, ಊರಿನವರ ಪೂರ್ವಗ್ರಹದಿಂದ ಒಬ್ಬ ಮುಗ್ಧೆ ಸಿಕ್ಕಿಬಿದ್ದಿದ್ದಾಳೆ ಎಂದು. ಕಡೆಯಲ್ಲಿ ಅವಳೇ ಕೊಂದದ್ದು ಎಂದಾದರೆ ಪೂರ್ವಗ್ರಹಿಗಳು ಹೇಳಿದ್ದೇ ಸರಿಯಾಯಿತಲ್ಲ? ‘ಕಾಡಿನವಳು ಕಾಡಿನ ಹಾಗೇ ನಡೆದುಕೊಳ್ಳುತ್ತಾಳೆ’ ಎಂಬ ಊರಿನ ಮಾತಿಗೆ ಕಾದಂಬರಿಯೇ ಮುದ್ರೆ ಒತ್ತಿದ ಹಾಗಾಯಿತು. ಜೊತೆಗೆ, ಕಾಡಿನ ನಿಯಮಕ್ಕೆ ತಪ್ಪು-ಸರಿ ಗೊತ್ತಿಲ್ಲ ಎಂದು ಮನುಷ್ಯರು ಮಾಡಿದ ಕೊಲೆಗೆ ಹೇಳಬಹುದಾದರೆ, ಆ ಮಾತು ಎಲ್ಲಿಗೆ ನಿಲ್ಲುತ್ತದೆ?

ಮೊದಲ ಪಕ್ಷದ ವಾದ ಕಾಯಾಳ ಮಟ್ಟಿಗೆ ಗಟ್ಟಿಯಾಗಿದೆ. ಎರಡನೆಯ ಪಕ್ಷದ ಕೊನೆಯ ಪ್ರಶ್ನೆ ಮಾತ್ರ ಕಾದಂಬರಿಯೊಳಗೆ ಉತ್ತರ ಸಿಗದೆ ಉಳಿಯುತ್ತದೆ. ಅದಕ್ಕೆ ನೇರವಾಗಿ ಅಂಟಿಕೊಂಡು ಬರುವುದು ಜಾಂಬಿಯಾದ ಪ್ರಕರಣ.

ಜಾಂಬಿಯಾದಲ್ಲಿ ನಡೆದದ್ದು

ಡೆಲಿಯಾ ಮತ್ತು ಅವರ ಆಗಿನ ಪತಿ ಮಾರ್ಕ್ ಓವೆನ್ಸ್ 1974ರಲ್ಲಿ ಬೋಟ್ಸ್‌ವಾನಾದ ಕಲಹಾರಿಗೆ ಹೋದರು. ಅಲ್ಲಿನ ಅನುಭವದ ಪುಸ್ತಕ 1984ರಲ್ಲಿ ಬಂದು ಹೆಸರು ತಂದುಕೊಟ್ಟಿತು. ಜಾನುವಾರು ಸಾಕಣೆಗೆ ಹಾಕಿದ ಬೇಲಿಗಳಿಂದ ವನ್ಯಜೀವಿಗಳು ಸಾಯುತ್ತಿವೆ ಎಂದು ದೂರಿದ ಮೇಲೆ ಆ ದೇಶ ಅವರನ್ನು ಹೊರಗೆ ಕಳಿಸಿತು. 1986ರಲ್ಲಿ ಜಾಂಬಿಯಾದ ನಾರ್ತ್ ಲುವಾಂಗ್ವಾ ರಾಷ್ಟ್ರೀಯ ಉದ್ಯಾನಕ್ಕೆ ಬಂದರು. ದಂತಕ್ಕಾಗಿ ಆನೆಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದ ಕಾಲ ಅದು. ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧದ ತೀರ್ಮಾನ ಆದದ್ದೇ 1989ರಲ್ಲಿ. ಸಂಬಳ, ಸಲಕರಣೆ ಎರಡೂ ಇಲ್ಲದ ಅರಣ್ಯ ಕಾವಲುಗಾರರಿಗೆ ದಂಪತಿ ಹಣ, ತರಬೇತಿ ಒದಗಿಸಿದರು, ಸುತ್ತಲಿನ ಹಳ್ಳಿಗಳಲ್ಲಿ ಬೇರೆ ಕಸುಬು ಕಟ್ಟಿಕೊಡಲೂ ಯತ್ನಿಸಿದರು. ಕಳ್ಳಬೇಟೆ ಇಳಿಯಿತು ಎಂಬುದು ಅವರ ಬೆಂಬಲಿಗರ ಮಾತು.

1996ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಈ ದಂಪತಿಯ ಬಗ್ಗೆ ಕಾರ್ಯಕ್ರಮ ಪ್ರಸಾರ ಮಾಡಿತು. ಅದರಲ್ಲಿ ಕಳ್ಳಬೇಟೆಗಾರನೆಂದು ಶಂಕಿಸಲಾದ ಒಬ್ಬ ವ್ಯಕ್ತಿಯನ್ನು ಗುಂಡಿಕ್ಕಿ ಕೊಲ್ಲುವ ದೃಶ್ಯವಿತ್ತು. ಸತ್ತವನು ಯಾರೆಂದು ಈವರೆಗೆ ಗೊತ್ತಾಗಿಲ್ಲ. ಶವವೂ ಸಿಗಲಿಲ್ಲ. ಆ ಕಾರ್ಯಕ್ರಮದ ನಂತರ ಓವೆನ್ಸ್ ದಂಪತಿ ಜಾಂಬಿಯಾಕ್ಕೆ ಮರಳಲಿಲ್ಲ. 2010ರಲ್ಲಿ ಪತ್ರಕರ್ತ ಜೆಫ್ರಿ ಗೋಲ್ಡ್‌ಬರ್ಗ್ ‘ದಿ ನ್ಯೂಯಾರ್ಕರ್’ನಲ್ಲಿ ದೀರ್ಘ ವರದಿ ಬರೆದು, ಕಾವಲುಗಾರರ ಪಡೆ ಮಾರ್ಕ್ ಅವರ ಹಿಡಿತದಲ್ಲಿ ಹೇಗೆ ನಡೆಯುತ್ತಿತ್ತು ಎಂಬ ಬಗ್ಗೆ ಗಂಭೀರ ಪ್ರಶ್ನೆಗಳನ್ನೆತ್ತಿದರು. ದಂಪತಿ ತಪ್ಪೆಸಗಿಲ್ಲ ಎಂದರು. ಯಾರ ಮೇಲೂ ಆರೋಪಪಟ್ಟಿ ಸಲ್ಲಿಕೆಯಾಗಿಲ್ಲ. ಡೆಲಿಯಾ ಅವರೇ ಗುಂಡು ಹಾರಿಸಿದರೆಂದು ಯಾರೂ ಹೇಳಿಲ್ಲ, ತಮಗೆ ಇದರಲ್ಲಿ ಪಾತ್ರವೇ ಇಲ್ಲ ಎಂಬುದು ಅವರ ನಿಲುವು. ಅವರಿಗೆ ಗೊತ್ತಿರುವುದನ್ನು ಕೇಳಬೇಕು ಎಂಬುದು ಜಾಂಬಿಯಾದ ಪ್ರಾಸಿಕ್ಯೂಷನ್ ಅಧಿಕಾರಿಗಳು 2022ರಲ್ಲಿ ಮತ್ತೆ ಹೇಳಿದ್ದು.

ಕಾದಂಬರಿಯ ಮಾರಾಟ ಏರುತ್ತಿದ್ದ 2019ರ ಹೊತ್ತಿಗೆ ಈ ಹಳೆಯ ವರದಿಯನ್ನು ಓದುಗರು ಹುಡುಕಿ ತೆಗೆದರು. ಕಾಡಿನ ಹಿತಕ್ಕಾಗಿ ಎಂದು ನಡೆದ ಒಂದು ಸಾವು ಅಲ್ಲಿ, ಕಾಡಿನ ನಿಯಮ ಎಂದು ಸಮರ್ಥಿಸಿಕೊಂಡ ಒಂದು ಕೊಲೆ ಇಲ್ಲಿ. ಹೋಲಿಕೆ ತಾನಾಗಿಯೇ ಕಣ್ಣಿಗೆ ಹೊಡೆಯಿತು. ಇನ್ನೊಂದು ವಿವರ ಹಲವರನ್ನು ಬೆಚ್ಚಿಸಿತು. ಜಾಂಬಿಯಾದ ದಿನಗಳ ಬಗೆಗಿನ ದಂಪತಿಯ ಪುಸ್ತಕದಲ್ಲಿ ಅವರ ಬಳಿ ಕೆಲಸಕ್ಕಿದ್ದ ಆಫ್ರಿಕದ ವ್ಯಕ್ತಿಯ ಹೆಸರು ಸಂಡೇ ಜಸ್ಟಿಸ್. ಕಾದಂಬರಿಯಲ್ಲಿ ಕಾಯಾಳ ವಿಚಾರಣೆ ನಡೆಯುವ ನ್ಯಾಯಾಲಯದ ಬೆಕ್ಕಿಗೆ ಅದೇ ಹೆಸರು.

ಕೃತಿಯೇ ಬೇರೆ, ಕರ್ತೃವೇ ಬೇರೆ?

ಈ ಹಂತದಲ್ಲಿ ಓದುಗರು ಮೂರು ದಿಕ್ಕಿಗೆ ಹೋದರು. ಕೃತಿಯನ್ನು ಕೃತಿಯಾಗಿ ಓದಬೇಕು, ಲೇಖಕಿಯ ಪೂರ್ವಾಪರ ವಿಚಾರಿಸುವುದು ಪೊಲೀಸರ ಕೆಲಸ ಎಂದವರು ಒಂದು ಕಡೆ. ಸಾಬೀತಾಗದ ಸಂಗತಿಗೆ ಒಬ್ಬರನ್ನು ಶಿಕ್ಷಿಸಬಾರದು ಎಂಬ ಅವರ ಮಾತಿನಲ್ಲಿ ನ್ಯಾಯವಿದೆ. ಕಾದಂಬರಿಯೇ ಲೇಖಕಿಯ ಸಮಜಾಯಿಷಿ, ಆದ್ದರಿಂದ ದುಡ್ಡು ಕೊಟ್ಟು ಕೊಳ್ಳುವುದು ಸಲ್ಲದು ಎಂದವರು ಇನ್ನೊಂದು ಕಡೆ. ಇದು ಅತಿಯಾಯಿತು. ಸಮಜಾಯಿಷಿ ಎಂಬುದಕ್ಕೆ ಹೋಲಿಕೆಯ ಹೊರತು ಬೇರೆ ಆಧಾರ ಯಾರ ಬಳಿಯೂ ಇಲ್ಲ.

ಮೂರನೆಯವರ ಮಾತು ಸೂಕ್ಷ್ಮ. ಇವರ ಪ್ರಕಾರ ಲೇಖಕಿ ತಪ್ಪಿತಸ್ಥೆಯೋ ಅಲ್ಲವೋ ಎಂಬುದು ಮುಖ್ಯವಲ್ಲ, ಎರಡೂ ಕಡೆ ಕಾಡನ್ನು ನೋಡುವ ಕಣ್ಣು ಒಂದೇ ಎಂಬುದು ಮುಖ್ಯ. ಕಲಹಾರಿಯಲ್ಲಿ ದಂಪತಿ ಬೀಡುಬಿಟ್ಟ ಸೆಂಟ್ರಲ್ ಕಲಹಾರಿ ಮೀಸಲು ಪ್ರದೇಶ 1961ರಲ್ಲಿ ಸ್ಥಾಪನೆಯಾದದ್ದು ವನ್ಯಜೀವಿಗಳ ಜೊತೆಗೆ ಅಲ್ಲೇ ಬಾಳುತ್ತಿದ್ದ ಸಾನ್ ಬುಡಕಟ್ಟಿನವರಿಗಾಗಿಯೂ. ಮುಂದೆ 1997 ಮತ್ತು 2002ರಲ್ಲಿ ಬೋಟ್ಸ್‌ವಾನಾ ಸರ್ಕಾರ ಅವರನ್ನು ಅಲ್ಲಿಂದ ಎಬ್ಬಿಸಿತು, ಅದು ಕಾನೂನುಬಾಹಿರ ಎಂದು 2006ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಆ ತೆರವಿಗೆ ಓವೆನ್ಸ್ ಕಾರಣರಲ್ಲ. ಆದರೆ ಅವರನ್ನು ಪ್ರಸಿದ್ಧರನ್ನಾಗಿಸಿದ ಕಥನ, ಮನುಷ್ಯರಿಲ್ಲದ ಆದಿಕಾಲದ ನೆಲದಲ್ಲಿ ಇಬ್ಬರೇ ಪ್ರೇಮಿಗಳು ಎಂಬ ಚಿತ್ರ, ಸಾನ್ ಜನರನ್ನು ಅಂಚಿಗೆ ತಳ್ಳಿದಾಗ ಮಾತ್ರ ಪೂರ್ಣವಾಗುತ್ತದೆ. ಜೌಗಿನ ಕಾದಂಬರಿಗೂ ಅದೇ ಅಚ್ಚು.

ನಾಗರಹೊಳೆಯ ಜೇನುಕುರುಬರ ಹಾಡಿಗಳು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು, 2006ರ ಅರಣ್ಯ ಹಕ್ಕು ಕಾಯ್ದೆಯ ಜಟಾಪಟಿ ಇವುಗಳನ್ನು ಪತ್ರಿಕೆಯಲ್ಲಿ ಓದುತ್ತ ಬಂದ ಕನ್ನಡಿಗರಿಗೆ ಈ ವಾದ ಹೊಸದೇನಲ್ಲ. ಹುಲಿ ಉಳಿಯಬೇಕಾದರೆ ಜನ ಹೊರಡಬೇಕೇ ಎಂಬ ಪ್ರಶ್ನೆ ಇಲ್ಲೂ ಇತ್ಯರ್ಥವಾಗಿಲ್ಲ. ಅದಕ್ಕೇ ಒಂದು ಮಾತನ್ನು ಸೇರಿಸಬೇಕು. ಇನ್ನೊಂದು ಬದಿಯ ಸತ್ಯವೂ ಇದೆ. ಜಾಂಬಿಯಾದಲ್ಲಿ ಕಪ್ಪು ಘೇಂಡಾಮೃಗಗಳು ಪೂರಾ ನಾಶವಾಗಿದ್ದವು, 2003ರಿಂದ ಅವನ್ನು ಮತ್ತೆ ತಂದು ಬಿಟ್ಟದ್ದು ಇದೇ ನಾರ್ತ್ ಲುವಾಂಗ್ವಾದಲ್ಲಿ. ಕಾವಲಿಲ್ಲದೆ ಅದು ಆಗುತ್ತಿರಲಿಲ್ಲ. ಕಾವಲು ಬೇಕೆಂಬುದಕ್ಕೂ ಕಾವಲಿನ ಹೆಸರಿನಲ್ಲಿ ಹೆಸರಿಲ್ಲದ ಒಬ್ಬ ಮನುಷ್ಯ ಸತ್ತದ್ದನ್ನು ಕೇಳುವವರಿಲ್ಲ ಎಂಬುದಕ್ಕೂ ನಡುವಿನ ಅಂತರವನ್ನು ಓದುಗರ ಮೂರನೆಯ ಗುಂಪು ಹಿಡಿದು ತೋರಿಸುತ್ತಿದೆ.

ಲೇಖಕಿಯೂ ತಮ್ಮ ಕೆಲಸವನ್ನು ಕಷ್ಟ ಮಾಡಿಕೊಂಡರು. ಹಳೆಯ ಪ್ರಕರಣ ಮತ್ತೆ ಎದ್ದಾಗಿನ ನೋವನ್ನು ಅವರು 2019ರ ಒಂದು ಸಂದರ್ಶನದಲ್ಲಿ ಕಾಯಾ ಅನುಭವಿಸಿದ ಊರಿನ ನಿಂದೆಗೆ ಹೋಲಿಸಿದರು. ಬದುಕು ಮತ್ತು ಕಥೆಯನ್ನು ಬೆರೆಸಬೇಡಿ ಎನ್ನುವವರಿಗೆ ಲೇಖಕಿಯೇ ಬೆರೆಸಿದಾಗ ಹೇಳಲು ಹೆಚ್ಚೇನು ಉಳಿಯುತ್ತದೆ? ಅದೂ ಕಾಯಾ ಕಡೆಗೆ ತಪ್ಪಿತಸ್ಥೆ ಎಂದು ಗೊತ್ತಾಗುವ ಕಥೆಯಲ್ಲಿ.

ಸೈಬೀರಿಯದ ಕಾಡು, ಐನೂರು ಒಂಟಿ ನಕ್ಷತ್ರ

2023ರ ಜೂನ್ ಮೊದಲ ವಾರ. ಅಮೆರಿಕದ ಜನಪ್ರಿಯ ಲೇಖಕಿ ಎಲಿಜಬೆತ್ ಗಿಲ್ಬರ್ಟ್ ತಮ್ಮ ಹೊಸ ಕಾದಂಬರಿ ‘ದಿ ಸ್ನೋ ಫಾರೆಸ್ಟ್’ 2024ರ ಫೆಬ್ರುವರಿಯಲ್ಲಿ ಬರಲಿದೆ ಎಂದು ಪ್ರಕಟಿಸಿದರು. ಇಪ್ಪತ್ತನೇ ಶತಮಾನದ ಸೈಬೀರಿಯ. ಸೋವಿಯತ್ ಆಡಳಿತಕ್ಕೆ ಬೆನ್ನು ತಿರುಗಿಸಿ ಸಮಾಜದಿಂದ ದೂರ ಹೋಗಿ ಕಾಡು ಸೇರಿದವರ ಕಥೆ. 1978ರಲ್ಲಿ ಸಯಾನ್ ಪರ್ವತಗಳಲ್ಲಿ ಭೂವಿಜ್ಞಾನಿಗಳ ಕಣ್ಣಿಗೆ ಬಿದ್ದ, ನಾಲ್ಕು ದಶಕ ಹೊರಜಗತ್ತನ್ನೇ ಕಾಣದಿದ್ದ ಲೈಕೊವ್ ಕುಟುಂಬವನ್ನು ನೆನಪಿಸುವ ವಸ್ತು. ಇದು ಓವೆನ್ಸ್ ಕಾದಂಬರಿಯಂತೆ ಪ್ರೇಮಕಥೆಯೆಂದು ಹೇಳಲಾಗದು. ನಾಡು ಬಿಟ್ಟು ಕಾಡಿನಲ್ಲಿ ಬಿಡುಗಡೆ ಕಾಣುವ ಕನಸು ಮಾತ್ರ ಎರಡರಲ್ಲೂ ಒಂದೇ.

ರಷ್ಯಾ ಪೂರ್ಣಪ್ರಮಾಣದ ದಾಳಿ ನಡೆಸಿ ಒಂದು ವರ್ಷ ದಾಟಿದ್ದ ಹೊತ್ತಿನಲ್ಲಿ ಉಕ್ರೇನಿನ ಓದುಗರಿಗೆ ಈ ಕನಸು ಹಿಡಿಸಲಿಲ್ಲ. ಮನೆ ಕಳೆದುಕೊಂಡು ನಾವು ಬೀದಿಯಲ್ಲಿರುವಾಗ ಅದೇ ದೇಶದ ಹಿಮ, ಕಾಡು, ನಿಗೂಢತೆಯನ್ನು ಜಗತ್ತಿಗೆ ಮಾರುವುದೇ ಎಂದರು. ಪುಸ್ತಕ ಸೋವಿಯತ್ ವಿರೋಧಿಗಳ ಕಥೆ ಎಂಬುದು ಅವರ ನೋವನ್ನು ತಗ್ಗಿಸಲಿಲ್ಲ. ಗುಡ್‌ರೀಡ್ಸ್‌ನಲ್ಲಿ ಪುಸ್ತಕ ಪ್ರಕಟವಾಗುವ ಮೊದಲೇ ಅಂಕ ಕೊಡಲು ಅವಕಾಶವಿತ್ತು. ಕೆಲವೇ ದಿನಗಳಲ್ಲಿ ಐನೂರಕ್ಕೂ ಹೆಚ್ಚು ಒಂದು-ನಕ್ಷತ್ರದ ಅಂಕಗಳು ಬಿದ್ದವು. ಜೂನ್ 12ರಂದು ಗಿಲ್ಬರ್ಟ್ ಪ್ರಕಟಣೆಯನ್ನು ಅನಿರ್ದಿಷ್ಟ ಕಾಲ ಮುಂದೂಡಿದರು. ಬರಹಗಾರರ ಸಂಘಟನೆಯಾದ ಪೆನ್ ಅಮೆರಿಕ ಇದನ್ನು ವಿಷಾದದ ಸಂಗತಿ ಎಂದು ಕರೆದು, ನಿರ್ಧಾರವನ್ನು ಮರುಪರಿಶೀಲಿಸಲು ಕೇಳಿತು.

ಓದದೆ ತೀರ್ಪು ಕೊಟ್ಟದ್ದು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಆ ನಕ್ಷತ್ರಗಳು ಪುಸ್ತಕದ ಗುಣಕ್ಕೆ ಕೊಟ್ಟವಾಗಿರಲಿಲ್ಲ. ಬೇರೆ ವೇದಿಕೆ ಸಿಗದವರು ಪ್ರತಿಭಟನೆಗೆ ಸಿಕ್ಕ ಜಾಗವನ್ನು ಬಳಸಿಕೊಂಡರು.

ಯಾರ ಸಿಟ್ಟು ಕೇಳಿಸುತ್ತದೆ

ಈಗ ಎರಡು ಫಲಿತಾಂಶಗಳನ್ನು ಹೋಲಿಸಿ. ಒಂದು ಕಡೆ ಮನುಷ್ಯನೊಬ್ಬ ಸತ್ತ ಪ್ರಕರಣ ಹಿನ್ನೆಲೆಯಲ್ಲಿದ್ದರೂ ಕಾದಂಬರಿಯ ಮಾರಾಟಕ್ಕೆ ಕುಂದಾಗಲಿಲ್ಲ, ಸಿನಿಮಾ ಬಂದ ಮೇಲೆ ಇನ್ನೂ ಏರಿತು. ಇನ್ನೊಂದು ಕಡೆ ಯಾರಿಗೂ ಕೇಡು ಮಾಡಿರದ, ಅಚ್ಚಾಗದ ಪುಸ್ತಕ ಒಂದೇ ವಾರದಲ್ಲಿ ನಿಂತುಹೋಯಿತು. ಓದುಗರು ನೀತಿಯ ತಕ್ಕಡಿ ಹಿಡಿದು ತೂಗಿದ್ದರೆ ಹೀಗಾಗುತ್ತಿರಲಿಲ್ಲ.

ಕಾರಣಗಳನ್ನು ಬೇರೆಡೆ ಹುಡುಕಬೇಕು. ಮೊದಲನೆಯದು ಹೊತ್ತು. ಓವೆನ್ಸ್ ಪುಸ್ತಕದ ಬಗ್ಗೆ ಪ್ರಶ್ನೆಗಳು ಏಳುವ ವೇಳೆಗೆ ಲಕ್ಷಾಂತರ ಜನ ಕಾಯಾಳ ಜೊತೆ ಅತ್ತಾಗಿತ್ತು. ಒಮ್ಮೆ ಮನಸ್ಸು ಕೊಟ್ಟ ಓದುಗರು ಲೇಖಕಿಯ ಮೇಲಿನ ಟೀಕೆಯನ್ನು ತಮ್ಮ ಮೇಲಿನ ಟೀಕೆಯೆಂದೇ ತೆಗೆದುಕೊಳ್ಳುತ್ತಾರೆ, ಸಮರ್ಥನೆಗೆ ನಿಲ್ಲುತ್ತಾರೆ. ಗಿಲ್ಬರ್ಟ್ ಪುಸ್ತಕಕ್ಕೆ ಹಾಗೆ ನಿಲ್ಲುವವರು ಇನ್ನೂ ಹುಟ್ಟಿರಲಿಲ್ಲ.

ಎರಡನೆಯದು ಹಣ. ಕೋಟಿಗಟ್ಟಲೆ ಮಾರಾಟವಾದ ಪುಸ್ತಕದ ಹಿಂದೆ ಪ್ರಕಾಶಕರು, ನಿರ್ಮಾಪಕರು, ಹಂಚಿಕೆದಾರರ ದೊಡ್ಡ ಸರಪಳಿ ಇರುತ್ತದೆ. ಅದು ಮೌನವಾಗಿದ್ದರೆ ಸಾಕು, ಗದ್ದಲ ತಾನಾಗಿ ಅಡಗುತ್ತದೆ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಉಕ್ರೇನಿನ ಓದುಗರು ಲಕ್ಷಗಟ್ಟಲೆ ಇದ್ದಾರೆ, ಅಂತರ್ಜಾಲದಲ್ಲಿ ಸಕ್ರಿಯರು, ಪಶ್ಚಿಮದ ಮಾಧ್ಯಮಗಳು ಅವರ ಮಾತಿಗೆ ಕಿವಿಗೊಡುತ್ತಿದ್ದ ಸಮಯ ಅದು. ಲುವಾಂಗ್ವಾ ಕಣಿವೆಯ ಅಂಚಿನ ಹಳ್ಳಿಗಳವರು ಇಂಗ್ಲಿಷ್ ಕಾದಂಬರಿಗೆ ನಕ್ಷತ್ರ ಹಾಕಲು ಬರುವವರಲ್ಲ. ಸತ್ತವನ ಹೆಸರೇ ಗೊತ್ತಿಲ್ಲದ ಮೇಲೆ ಅವನ ಪರವಾಗಿ ಸಿಟ್ಟಾಗಲು ಮನೆಯವರಾದರೂ ಯಾರು? ಅವನ ಬಗ್ಗೆ ಅಮೆರಿಕದ ಪತ್ರಕರ್ತರು ಬರೆದರು, ಅಮೆರಿಕದ ಓದುಗರು ಓದಿ ಬೇಸರಪಟ್ಟರು, ಚರ್ಚೆ ಅಲ್ಲಿಯವರ ನಡುವೆಯೇ ಸುತ್ತಿತು. ನಿರ್ಜನ ಎಂದು ಕಥೆ ಚಿತ್ರಿಸಿದ ಸೀಮೆಯ ಜನ ಓದುಗರ ಪಟ್ಟಿಯಲ್ಲೂ ಇಲ್ಲದಿರುವುದು ಹೀಗೆ. ‘ಓದುಗರ ಪ್ರತಿಕ್ರಿಯೆ’ ಎಂದು ನಾವು ಕರೆಯುವುದು ಓದಲು ಮತ್ತು ಬರೆಯಲು ಅನುಕೂಲ ಇರುವವರ ಪ್ರತಿಕ್ರಿಯೆ ಮಾತ್ರ.

ಇದರಿಂದ ಆಗಬಹುದಾದದ್ದು

ತಕ್ಷಣದ ಪರಿಣಾಮ ಜಾಲತಾಣಗಳ ಮೇಲಾಗಿದೆ. 2013ರಿಂದ ಅಮೆಜಾನ್ ಒಡೆತನದಲ್ಲಿರುವ ಗುಡ್‌ರೀಡ್ಸ್, ಒಂದು ಪುಸ್ತಕದ ಮೇಲೆ ಅಸಹಜವಾಗಿ ಅಂಕಗಳ ಮಳೆ ಸುರಿದರೆ ತಾತ್ಕಾಲಿಕವಾಗಿ ತಡೆಯುವುದಾಗಿ 2023ರಲ್ಲಿ ಹೇಳಿತು. ಇದು ದುರುದ್ದೇಶದ ದಾಳಿಯನ್ನು ತಡೆದೀತು, ಜೊತೆಗೆ ನಿಜವಾದ ಪ್ರತಿಭಟನೆಯನ್ನೂ ತಡೆದೀತು. ಎರಡನ್ನೂ ಯಂತ್ರ ಬೇರ್ಪಡಿಸಲಾರದು.

ಪ್ರಕಾಶಕರ ಲೆಕ್ಕಾಚಾರವೂ ಬದಲಾಗುವುದು ಸಹಜ. ಪುಸ್ತಕ ಬರುವ ಮೊದಲಿನ ತಿಂಗಳುಗಳೇ ಅಪಾಯದ ಅವಧಿ ಎಂದು ‘ಸ್ನೋ ಫಾರೆಸ್ಟ್’ ತೋರಿಸಿಕೊಟ್ಟಿತು. ಹೀಗಾಗಿ ವಿವಾದಿತ ನೆಲದ ಕಥೆಗಳನ್ನು ಮುಂಚೆ ಸಾರದೆ ಸದ್ದಿಲ್ಲದೆ ಹೊರತರುವುದು, ಅಥವಾ ಕಥೆಯನ್ನೇ ಹೆಸರಿಲ್ಲದ ಕಾಡಿಗೆ ಸಾಗಿಸುವುದು ಸುಲಭದ ಉಪಾಯವಾಗಿ ಕಾಣಬಹುದು. ಎರಡನೆಯದು ಆದರೆ ಕೇಡು ಹೆಚ್ಚು. ಬಾರ್ಕ್ಲಿ ಕೋವ್ ಕಾಲ್ಪನಿಕವಾದರೂ ನಾರ್ತ್ ಕೆರೊಲಿನಾ ಎಂಬ ಹೆಸರು ಇದ್ದದ್ದರಿಂದಲೇ ಅಲ್ಲಿಯವರಿಗೆ ದೂರ, ಚರಿತ್ರೆ, ಜನ ಎಲ್ಲಿ ತಪ್ಪಿದವೆಂದು ಎತ್ತಿ ತೋರಿಸಲಾಯಿತು. ಹೆಸರಿಲ್ಲದ ಕಾಡಿಗೆ ಆಕ್ಷೇಪ ಹೇಳಲು ಯಾರೂ ಇರುವುದಿಲ್ಲ.

ಲೇಖಕರ ಮಟ್ಟದಲ್ಲಿ ಇನ್ನೊಂದು ದಾರಿ ಇದೆ, ಸ್ವಲ್ಪ ಶ್ರಮದ್ದು. ಜಂಪಿನ್‌ನಂಥವರಿಗೆ ಕಥೆಯೊಳಗೆ ಅವರದೇ ಸಿಟ್ಟು, ಅವರದೇ ಸಂಸಾರ ಕೊಡುವುದು. ಅದರಿಂದ ಪ್ರೇಮಿಗಳ ಏಕಾಂತ ಸ್ವಲ್ಪ ಕೆಡುತ್ತದೆ, ಕಾವಲುಗೋಪುರದ ಕೆಳಗಿನ ಹೆಣದ ಬಗ್ಗೆ ಕೇಳುವವರ ಸಂಖ್ಯೆಯೂ ಹೆಚ್ಚುತ್ತದೆ. ಮಾರುಕಟ್ಟೆ ಸದ್ಯ ಅದನ್ನು ಕೇಳುತ್ತಿಲ್ಲ.

ಜಾಂಬಿಯಾದ ಕಡತ ಮುಚ್ಚಿಲ್ಲ. ಕೊಲೆ ಪ್ರಕರಣಕ್ಕೆ ಅಲ್ಲಿ ಕಾಲಮಿತಿ ಇಲ್ಲವೆಂದು ಅಧಿಕಾರಿಗಳು ಹೇಳಿದ್ದಾರೆ. ಸಾಕ್ಷಿಗಳು ಮುದುಕರಾಗುತ್ತಿದ್ದಾರೆ, ಶವವಿಲ್ಲ, ಸತ್ತವನ ಗುರುತಿಲ್ಲ, ಹೇಳಿಕೆ ಕೊಡಬೇಕಾದವರು ಇನ್ನೊಂದು ಖಂಡದಲ್ಲಿದ್ದಾರೆ. ಹೀಗಿರುವಾಗ ಮೊಕದ್ದಮೆ ನಡೆಯುವ ಸಂಭವ ಕಡಿಮೆ. ಕಾದಂಬರಿಯ ಮುಂದಿನ ಮುದ್ರಣಗಳು ಬರುತ್ತಲೇ ಇರುತ್ತವೆ.